ಫ್ಯಾನ್ ಬಿಚ್ಚಿಹಾಕಿದರೆ ಗ್ರಾಫಿಕ್ಸ್ ಕಾರ್ಡ್ ಸದ್ದಿಲ್ಲದೆ ತಣ್ಣಗಿರುತ್ತದೆಯೇ? ರಾಯಚೂರು ಬಿಸಿಲಿನ ಲೆಕ್ಕ ಇಲ್ಲಿದೆ

"ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಗುರ್ ಎಂದು ಸದ್ದು ಮಾಡುತ್ತಿದೆಯೇ? ಅದರ ಫ್ಯಾನ್ ಬಿಚ್ಚಿಬಿಡಿ. ಕೆಳಗಿರುವ ಅಲ್ಯೂಮಿನಿಯಂ ತುಂಡು ತಾನೇ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಸದ್ದಿಲ್ಲ, ದೂಳಿಲ್ಲ, ಕರೆಂಟೂ ಉಳಿತಾಯ!"

ಈ ಧಾಟಿಯ ಸಲಹೆ ನಿಮಗೂ ಬಂದಿರಬಹುದು. ಕೇಳಲು ಸರಿ ಎನ್ನಿಸುತ್ತದೆ. ಫ್ಯಾನ್ ಇಲ್ಲದ ಗ್ರಾಫಿಕ್ಸ್ ಕಾರ್ಡ್‌ಗಳು ಅಂಗಡಿಯಲ್ಲಿ ಸಿಗುತ್ತವೆ ಎಂಬುದೂ ನಿಜ. ಆದರೆ ಫ್ಯಾನ್ ಇಲ್ಲದೆ ಓಡಲೆಂದೇ ತಯಾರಾದ ಕಾರ್ಡ್ ಬೇರೆ, ಫ್ಯಾನ್ ಕಿತ್ತ ಕಾರ್ಡ್ ಬೇರೆ. ಅವೆರಡನ್ನೂ ಒಂದೇ ಎಂದು ತಿಳಿದರೆ ಕೆಲಸ ಕೆಡುತ್ತದೆ.

ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರನ್ನೇ ತೆಗೆದುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಅಂದರೆ ಗೇಮ್ ಆಡುವ ಹುಡುಗರ ಷೋಕಿ ಮಾತ್ರ ಅಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವ, ಬ್ಯಾನರ್ ಡಿಸೈನ್ ಮಾಡುವ ಸಣ್ಣ ಅಂಗಡಿಗಳಿಗೆ ಅದು ಹೊಟ್ಟೆಪಾಡಿನ ಸಾಮಾನು. ಈ ಭಾಗದಲ್ಲಿ ಮದುವೆಗಳ ಭರಾಟೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ದಾಟುವುದೂ ಅದೇ ತಿಂಗಳಲ್ಲಿ. ಕೆಲಸ ಜಾಸ್ತಿ ಇರುವ ದಿನವೇ ಕಾರ್ಡ್ ಕೈಕೊಟ್ಟರೆ ನಷ್ಟ ಕಾರ್ಡಿನ ಬೆಲೆಗೆ ಮುಗಿಯುವುದಿಲ್ಲ.

ಚಿಕ್ಕ ಉತ್ತರ

ಹೀಟ್‌ಸಿಂಕ್ ಶಾಖವನ್ನು ನುಂಗುವುದಿಲ್ಲ, ಪಕ್ಕದ ಗಾಳಿಗೆ ದಾಟಿಸುತ್ತದೆ. ಆ ಗಾಳಿ ತಂಪಾಗಿರಬೇಕು, ಬಿಸಿಯಾದ ಮೇಲೆ ಜಾಗ ಖಾಲಿ ಮಾಡಬೇಕು. ಎರಡೂ ಇಲ್ಲದಿದ್ದರೆ ಎಷ್ಟೇ ದೊಡ್ಡ ಲೋಹದ ತುಂಡು ಇದ್ದರೂ ಉಪಯೋಗವಿಲ್ಲ. ಆದ್ದರಿಂದ ಫ್ಯಾನ್ ಇಲ್ಲದ ಕಾರ್ಡ್ ಸಾಧ್ಯ, ಆದರೆ ಕಡಿಮೆ ವ್ಯಾಟ್‌ನದಾಗಿರಬೇಕು ಮತ್ತು ಗಾಳಿಗೆ ದಾರಿ ಇರಬೇಕು. ಫ್ಯಾನ್ ಇರುವ ಕಾರ್ಡಿನಿಂದ ಫ್ಯಾನ್ ಕೀಳುವುದು ತಪ್ಪು.

ಫ್ಯಾನ್ ಇಲ್ಲದ ತಂಪು ನಿಮಗೆ ಹೊಸದಲ್ಲ

ನಿಮ್ಮ ಓಣಿಯ ಟಿಸಿಯನ್ನು ಒಮ್ಮೆ ದೂರದಿಂದ ನೋಡಿ. ಅದರ ಮೈಗೆ ಎರಡೂ ಬದಿ ರೆಕ್ಕೆಯಂಥ ತಗಡುಗಳು ಸಾಲಾಗಿ ಇರುತ್ತವೆ. ಒಳಗೆ ಎಣ್ಣೆ ಇದೆ. ಬಿಸಿಯಾದ ಎಣ್ಣೆ ಹಗುರಾಗಿ ಮೇಲೇರುತ್ತದೆ, ಆ ರೆಕ್ಕೆಗಳ ಒಳಗೆ ಇಳಿಯುತ್ತ ಹೊರಗಿನ ಗಾಳಿಗೆ ಶಾಖ ಕೊಟ್ಟು ತಣ್ಣಗಾಗಿ ಮತ್ತೆ ತಳಕ್ಕೆ ಬರುತ್ತದೆ. ಪಂಪೂ ಇಲ್ಲ, ಫ್ಯಾನೂ ಇಲ್ಲ. 100 ಕೆವಿಎ ಟಿಸಿ ಪೂರ್ತಿ ಲೋಡಿನಲ್ಲಿದ್ದಾಗ ಒಂದೂವರೆಯಿಂದ ಎರಡು ಕಿಲೋವ್ಯಾಟ್‌ನಷ್ಟು ಶಾಖವನ್ನು ಹೀಗೇ ಸದ್ದಿಲ್ಲದೆ ಹೊರಹಾಕುತ್ತದೆ.

ಬೈಕಿನ ಎಂಜಿನ್ ಮೇಲಿನ ರೆಕ್ಕೆಗಳೂ ಇದೇ ಕೆಲಸಕ್ಕೆ. ಬೈಕ್ ಓಡುವಾಗ ಗಾಳಿ ಬೀಸುತ್ತದೆ, ಎಂಜಿನ್ ಸುಧಾರಿಸಿಕೊಳ್ಳುತ್ತದೆ. ರೈಲ್ವೆ ಗೇಟ್ ಮುಂದೆ ಎಂಜಿನ್ ಆರಿಸದೆ ನಿಂತರೆ ಕಾಲಿಗೆ ಝಳ ಹೊಡೆಯುತ್ತದೆ. ರೆಕ್ಕೆ ಅದೇ, ಲೋಹ ಅದೇ. ಬದಲಾದದ್ದು ಗಾಳಿಯ ಓಡಾಟ ಮಾತ್ರ.

ಮೂರನೆಯ ಉದಾಹರಣೆ ಈಗ ನಿಮ್ಮ ಕೈಯಲ್ಲೇ ಇದೆ. ಸ್ಮಾರ್ಟ್‌ಫೋನ್ ಒಳಗೂ ಗ್ರಾಫಿಕ್ಸ್ ಚಿಪ್ ಇದೆ, ಆದರೆ ಸಾಮಾನ್ಯ ಫೋನಿನಲ್ಲಿ ಫ್ಯಾನ್ ಇಲ್ಲ. ಶಾಖ ಒಳಗಿನ ತೆಳು ಹಾಳೆಗಳ ಮೂಲಕ ಫೋನಿನ ಹಿಂಬದಿಗೆ ಹರಡಿ ಗಾಳಿಗೆ ಹೋಗುತ್ತದೆ. ಹಾಗಾಗಿ ಫೋನಿನ ಬೆನ್ನೇ ಅದರ ಹೀಟ್‌ಸಿಂಕ್.

ಗಡಿಗೆ ನೀರು ತಣ್ಣಗಾದಂತೆ ಹೀಟ್‌ಸಿಂಕ್ ತಣ್ಣಗಾಗುವುದಿಲ್ಲ ಯಾಕೆ?

ಮಣ್ಣಿನ ಗಡಿಗೆಯ ನೀರು ಮಧ್ಯಾಹ್ನದ ಗಾಳಿಗಿಂತ ತಣ್ಣಗಿರುತ್ತದೆ. ಗಡಿಗೆಯ ಮೈಯಿಂದ ನೀರು ಒಸರಿ ಆವಿಯಾಗುತ್ತದೆ, ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಗಡಿಗೆ ಹೆಚ್ಚು ತಂಪು.

ಹೀಟ್‌ಸಿಂಕಿನಿಂದ ಏನೂ ಆವಿಯಾಗುವುದಿಲ್ಲ. ಶಾಖ ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ಹರಿಯುತ್ತದೆಯೇ ಹೊರತು ತಾನಾಗಿ ತಿರುಗಿ ಬರುವುದಿಲ್ಲ. ಆದ್ದರಿಂದ ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಕೋಣೆಯ ಗಾಳಿ 42 ಡಿಗ್ರಿ ಇದ್ದರೆ ಚಿಪ್‌ನ ಲೆಕ್ಕ ಶುರುವಾಗುವುದೇ 42ರಿಂದ.

"ತಾಮ್ರದ ಹೀಟ್‌ಸಿಂಕ್ ಹಾಕಿದರೆ ಸಮಸ್ಯೆ ಮುಗಿಯಿತು" ಎಂಬ ಮಾತೂ ಇದೆ. ತಾಮ್ರ ಅಲ್ಯೂಮಿನಿಯಂಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ನಿಜ. ಆದರೆ ನಿಂತ ಗಾಳಿಗಿಂತ ತಾಮ್ರ ಸುಮಾರು 15,000 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಅಂದರೆ ಅಡಚಣೆ ಇರುವುದು ಲೋಹದಲ್ಲಲ್ಲ, ಲೋಹದಿಂದ ಗಾಳಿಗೆ ದಾಟುವ ಜಾಗದಲ್ಲಿ. ಕಾಲುವೆ ಎಷ್ಟೇ ಅಗಲ ಮಾಡಿ, ಕೊನೆಯ ತೂಬು ಚಿಕ್ಕದಾಗಿದ್ದರೆ ಹೊಲಕ್ಕೆ ಬರುವ ನೀರು ಅಷ್ಟೇ. ತೂಬು ದೊಡ್ಡದಾಗಬೇಕಾದರೆ ಗಾಳಿಗೆ ತಾಗುವ ಮೈ ಹೆಚ್ಚಾಗಬೇಕು. ಅದಕ್ಕೇ ರೆಕ್ಕೆಗಳು.

ಡಿಸೆಂಬರ್‌ನಲ್ಲಿ ಸರಿ ಇದ್ದದ್ದು ಮೇನಲ್ಲಿ ಯಾಕೆ ನಿಲ್ಲುತ್ತದೆ?

ಗ್ರಾಫಿಕ್ಸ್ ಕಾರ್ಡ್ ಬಳಸುವ ಕರೆಂಟ್ ಬಹುತೇಕ ಪೂರ್ತಿ ಶಾಖವಾಗುತ್ತದೆ. 30 ವ್ಯಾಟ್ ಕಾರ್ಡ್ ಅಂದರೆ 30 ವ್ಯಾಟ್ ಶಾಖ. ಹಳೆಯ 60 ವ್ಯಾಟ್ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡ ನೆನಪಿದ್ದರೆ, ಅದರ ಅರ್ಧ ಶಾಖ ಉಗುರಿನಷ್ಟು ಚಿಪ್‌ನಿಂದ ಬರುತ್ತದೆ ಎಂದು ಊಹಿಸಿಕೊಳ್ಳಿ.

ಯಾವುದೇ ಹೀಟ್‌ಸಿಂಕಿನ ಯೋಗ್ಯತೆ ಅಳೆಯಲು ಒಂದು ಸರಳ ಅಳತೆ ಇದೆ: ಒಂದು ವ್ಯಾಟ್ ಶಾಖಕ್ಕೆ ಎಷ್ಟು ಡಿಗ್ರಿ ಏರುತ್ತದೆ? ಉದಾಹರಣೆಗೆ, ಒಂದು ವ್ಯಾಟ್‌ಗೆ ಒಂದೂವರೆ ಡಿಗ್ರಿ ಏರುವ, ಫ್ಯಾನ್ ಇಲ್ಲದ ಹೀಟ್‌ಸಿಂಕ್ ಇದೆ ಎನ್ನೋಣ. ಈಗ 30 ವ್ಯಾಟ್ ಕಾರ್ಡಿನ ಲೆಕ್ಕ ನೋಡಿ.

• ಏರಿಕೆ: 30 ಗುಣಿಸು 1.5 = 45 ಡಿಗ್ರಿ.
• ಡಿಸೆಂಬರ್ ಬೆಳಿಗ್ಗೆ, ಗಾಳಿ 25 ಡಿಗ್ರಿ: ಚಿಪ್ 70 ಡಿಗ್ರಿ. ಆರಾಮ.
• ಮೇ ಮಧ್ಯಾಹ್ನ, ಕೋಣೆಯ ಗಾಳಿ 42 ಡಿಗ್ರಿ: ಚಿಪ್ 87 ಡಿಗ್ರಿ. ಅಂಚಿಗೆ ಬಂತು.
• ಅದೇ ಮಧ್ಯಾಹ್ನ, ಮುಚ್ಚಿದ ಕ್ಯಾಬಿನೆಟ್ ಒಳಗಿನ ಗಾಳಿ ಇನ್ನೂ 8 ಡಿಗ್ರಿ ಹೆಚ್ಚು: ಚಿಪ್ 95 ಡಿಗ್ರಿ. ತೊಂದರೆ.

ಬಹಳಷ್ಟು ಗ್ರಾಫಿಕ್ಸ್ ಚಿಪ್‌ಗಳು 80 ಡಿಗ್ರಿ ದಾಟಿ 90ರ ಆಸುಪಾಸಿಗೆ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದು ಕಾರ್ಡ್ ಕೆಟ್ಟದ್ದಲ್ಲ, ತನ್ನನ್ನು ಉಳಿಸಿಕೊಳ್ಳುವ ಉಪಾಯ. ಹತ್ತು ನಿಮಿಷದ ವಿಡಿಯೋ ಎಕ್ಸ್‌ಪೋರ್ಟ್ ಇಪ್ಪತ್ತು ನಿಮಿಷವಾದಾಗ "ಕಾರ್ಡ್ ಹಳೆಯದಾಯಿತು" ಎನ್ನುವ ಮೊದಲು ಉಷ್ಣಾಂಶ ನೋಡಿ. ವೇಗ ಇಳಿಸಿದರೂ ಸಾಲದಿದ್ದರೆ ಕಾರ್ಡ್ ಕೆಲಸ ನಿಲ್ಲಿಸುತ್ತದೆ, ಪರದೆ ಕಪ್ಪಾಗುತ್ತದೆ, ಅರ್ಧಕ್ಕೆ ಬಂದ ಕೆಲಸ ಹೋಗುತ್ತದೆ.

ಇದೇ ಹೀಟ್‌ಸಿಂಕನ್ನು 75 ವ್ಯಾಟ್ ಕಾರ್ಡಿಗೆ ಕೂರಿಸಿದರೆ? ಏರಿಕೆಯೇ 112 ಡಿಗ್ರಿ ದಾಟುತ್ತದೆ. ಡಿಸೆಂಬರ್‌ನಲ್ಲೂ ಆಗದ ಮಾತು. ಮೇ ತಿಂಗಳಲ್ಲಿ 50 ಡಿಗ್ರಿಯ ಕ್ಯಾಬಿನೆಟ್ ಒಳಗೆ ಆ ಕಾರ್ಡನ್ನು 85 ಡಿಗ್ರಿಗೆ ನಿಲ್ಲಿಸಬೇಕಾದರೆ ಮೂರು ಪಟ್ಟು ಸಮರ್ಥವಾದ ಹೀಟ್‌ಸಿಂಕ್ ಬೇಕು. ಫ್ಯಾನ್ ಇಲ್ಲದ ಕಾರ್ಡ್‌ಗಳು ಕೆಲವೊಮ್ಮೆ ಇಟ್ಟಿಗೆಯಷ್ಟು ದಪ್ಪ ಇರುವುದು ಇದಕ್ಕೇ.

ಹಾಗಾದರೆ ಫ್ಯಾನ್ ಇಲ್ಲದ ಕಾರ್ಡ್‌ಗಳು ನಿಜಕ್ಕೂ ಇವೆಯೇ?

ಇವೆ. 1990ರ ದಶಕದ ಮಧ್ಯದ ಎಷ್ಟೋ ಕಾರ್ಡ್‌ಗಳಿಗೆ ಫ್ಯಾನ್ ಹೋಗಲಿ, ಹೀಟ್‌ಸಿಂಕ್ ಕೂಡ ಇರುತ್ತಿರಲಿಲ್ಲ. ಚಿಪ್‌ಗಳ ವೇಗ ಏರಿದಂತೆ ವ್ಯಾಟ್ ಏರಿತು, ಮೊದಲು ರೆಕ್ಕೆ ಬಂತು, ಆಮೇಲೆ ಫ್ಯಾನ್.

ಈಗಲೂ ಎನ್‌ವಿಡಿಯಾದ ಜಿಟಿ 710 (19 ವ್ಯಾಟ್), 2017ರಲ್ಲಿ ಬಂದ ಜಿಟಿ 1030 (30 ವ್ಯಾಟ್) ಚಿಪ್‌ಗಳ ಫ್ಯಾನ್ ರಹಿತ ಕಾರ್ಡ್‌ಗಳನ್ನು ಹಲವು ಕಂಪನಿಗಳು ಮಾಡಿವೆ. 75 ವ್ಯಾಟ್‌ನ ಜಿಟಿಎಕ್ಸ್ 1650 ಚಿಪ್‌ಗೂ ಪಾಲಿಟ್ ಕಂಪನಿ ಫ್ಯಾನ್ ಇಲ್ಲದ ಕಾರ್ಡ್ ತಂದಿತು. ಅದರಲ್ಲಿ ದೊಡ್ಡ ರೆಕ್ಕೆಗಳ ಜೊತೆಗೆ ಹೀಟ್‌ಪೈಪ್‌ಗಳಿವೆ. ಹೀಟ್‌ಪೈಪ್ ಅಂದರೆ ಒಳಗೆ ಚೂರು ದ್ರವ ಇರುವ, ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆ. ಬಿಸಿ ತುದಿಯಲ್ಲಿ ದ್ರವ ಆವಿಯಾಗಿ ತಂಪು ತುದಿಗೆ ಹೋಗಿ ಮತ್ತೆ ಹನಿಯಾಗಿ ಮರಳುತ್ತದೆ. ಚಿಪ್‌ನ ಶಾಖ ದೂರದ ರೆಕ್ಕೆಯವರೆಗೂ ಬೇಗ ಹರಡುತ್ತದೆ.

ಇನ್ನೊಂದು ತುದಿಯಲ್ಲಿ ಆರ್‌ಟಿಎಕ್ಸ್ 4090 ಇದೆ. ಅದು 450 ವ್ಯಾಟ್‌ನದು. ಅದನ್ನು ಫ್ಯಾನ್ ಇಲ್ಲದೆ ಮಾಮೂಲಿ ಕ್ಯಾಬಿನೆಟ್‌ನಲ್ಲಿ ಓಡಿಸುವ ಮಾತೇ ಇಲ್ಲ.

ಫ್ಯಾನ್ ಕಿತ್ತರೆ ಯಾಕೆ ಆಗುವುದಿಲ್ಲ?

ಮೊದಲ ಕಾರಣ ರೆಕ್ಕೆಗಳ ಸಂದು. ಫ್ಯಾನ್ ಇರುವ ಕಾರ್ಡಿನಲ್ಲಿ ರೆಕ್ಕೆಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಇರುತ್ತವೆ. ಫ್ಯಾನ್ ಗಾಳಿಯನ್ನು ಬಲವಂತವಾಗಿ ತಳ್ಳುವುದರಿಂದ ಅದು ನಡೆಯುತ್ತದೆ. ಫ್ಯಾನ್ ಇಲ್ಲದಾಗ ಬಿಸಿ ಗಾಳಿ ತನ್ನ ಹಗುರತನದಿಂದಲೇ ಮೇಲೇರಬೇಕು, ಅದಕ್ಕೆ ಅಷ್ಟು ಬಲ ಇಲ್ಲ. ಒತ್ತಾದ ರೆಕ್ಕೆಗಳ ನಡುವೆ ಗಾಳಿ ಅಲ್ಲೇ ಸಿಕ್ಕಿಕೊಂಡು ಕಂಬಳಿಯಂತಾಗುತ್ತದೆ. ಫ್ಯಾನ್ ಇಲ್ಲದೆ ಓಡಲೆಂದೇ ಮಾಡಿದ ಹೀಟ್‌ಸಿಂಕ್‌ಗಳಲ್ಲಿ ಸಂದು ಅಗಲವಾಗಿರುತ್ತದೆ, ಹಲವು ಮಿಲಿಮೀಟರ್‌ನಷ್ಟು.

ಎರಡನೆಯದು, ಕಾರ್ಡಿನಲ್ಲಿ ಬಿಸಿಯಾಗುವುದು ಒಂದೇ ಚಿಪ್ ಅಲ್ಲ. ಪಕ್ಕದ ಮೆಮೊರಿ ಚಿಪ್‌ಗಳು, ಕರೆಂಟ್ ಹದಮಾಡುವ ಸಣ್ಣ ಭಾಗಗಳು ಕೂಡ ಅದೇ ಫ್ಯಾನ್ ಗಾಳಿಯನ್ನು ನಂಬಿಕೊಂಡಿರುತ್ತವೆ. ನೀವು ನೋಡುವ ಉಷ್ಣಾಂಶ ಮುಖ್ಯ ಚಿಪ್‌ನದು. ಉಳಿದವು ಸುಡುತ್ತಿದ್ದರೂ ಗೊತ್ತಾಗದೆ ಹೋಗಬಹುದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ವಿಷಯದಲ್ಲಿ ಎಂಜಿನಿಯರ್‌ಗಳ ಒಂದು ಅಂದಾಜು ಲೆಕ್ಕವಿದೆ: ಪ್ರತಿ 10 ಡಿಗ್ರಿ ಏರಿಕೆಗೆ ಆಯುಷ್ಯ ಅರ್ಧ.

ಮೂರನೆಯದು, ಕಾರ್ಡ್ ಕೂತಿರುವ ಭಂಗಿ. ನೆಟ್ಟಗೆ ನಿಂತ ಕ್ಯಾಬಿನೆಟ್‌ನಲ್ಲಿ ಕಾರ್ಡ್ ಅಡ್ಡವಾಗಿ, ಹೀಟ್‌ಸಿಂಕ್ ಕೆಳಮುಖವಾಗಿ ಇರುತ್ತದೆ. ಬಿಸಿ ಗಾಳಿ ಮೇಲೇರಲು ಹೋದರೆ ಕಾರ್ಡಿನ ಹಲಗೆಯೇ ಅಡ್ಡ. ಫ್ಯಾನ್ ಇಲ್ಲದ ತಂಪಿಗೆ ಇದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ.

ಇದರ ಸುತ್ತ ಹಬ್ಬಿರುವ ಇನ್ನಷ್ಟು ಮಾತುಗಳು

ಮಾತು: ಫ್ಯಾನ್ ತೆಗೆದರೆ ಕರೆಂಟ್ ಬಿಲ್ ಇಳಿಯುತ್ತದೆ.
ವಾಸ್ತವ: ಕಾರ್ಡಿನ ಒಂದು ಫ್ಯಾನ್ ಎಳೆಯುವುದು ಎರಡರಿಂದ ನಾಲ್ಕು ವ್ಯಾಟ್. ಮೂರು ವ್ಯಾಟ್‌ನ ಫ್ಯಾನ್ ದಿನಕ್ಕೆ ಎಂಟು ಗಂಟೆಯಂತೆ ತಿಂಗಳೆಲ್ಲ ಓಡಿದರೂ ಒಂದು ಯೂನಿಟ್ ಆಗುವುದಿಲ್ಲ.

ಮಾತು: ಕಪ್ಪು ಹೀಟ್‌ಸಿಂಕ್ ಶಾಖ ಹೀರುತ್ತದೆ, ಬೆಳ್ಳಗಿನದೇ ಒಳ್ಳೆಯದು.
ವಾಸ್ತವ: ಬಿಸಿಲಿನಲ್ಲಿ ಇಟ್ಟರೆ ಆ ಮಾತು ಸರಿ. ಕ್ಯಾಬಿನೆಟ್ ಒಳಗೆ ಬಿಸಿಲಿಲ್ಲ. ಅಲ್ಲಿ ಹೀಟ್‌ಸಿಂಕ್ ತಾನೇ ಶಾಖದ ಕಿರಣಗಳನ್ನು ಹೊರಸೂಸಬೇಕು. ಫಳಫಳ ಹೊಳೆಯುವ ಬರೀ ಅಲ್ಯೂಮಿನಿಯಂ ಈ ಕೆಲಸದಲ್ಲಿ ಬಹಳ ಹಿಂದೆ. ಅನೊಡೈಸ್ ಮಾಡಿದ ಮೇಲ್ಮೈ ಎಷ್ಟೋ ಮುಂದೆ. ಹಾಗೆಂದು ನೀವೇ ದಪ್ಪ ಬಣ್ಣ ಬಳಿಯಬೇಡಿ. ಬಣ್ಣದ ಪದರವೇ ಶಾಖಕ್ಕೆ ತಡೆಯಾಗುತ್ತದೆ.

ಮಾತು: ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಸಾಕು.
ವಾಸ್ತವ: ಎರಡು ಲೋಹದ ಮೈಗಳ ನಡುವಿನ ಸೂಕ್ಷ್ಮ ಗುಂಡಿಗಳಲ್ಲಿ ಗಾಳಿ ಉಳಿಯದಂತೆ ತುಂಬುವುದೇ ಪೇಸ್ಟ್‌ನ ಕೆಲಸ. ಟೂತ್‌ಪೇಸ್ಟ್ ಹಸಿ ಇರುವಷ್ಟು ಹೊತ್ತು ಆ ಕೆಲಸ ಮಾಡಿದಂತೆ ಕಾಣುತ್ತದೆ. ಅದರಲ್ಲಿ ನೀರಿದೆ, ಬಿಸಿಗೆ ಒಣಗಿ ಬಿರುಕು ಬಿಡುತ್ತದೆ, ಮತ್ತೆ ಗಾಳಿ ಸೇರುತ್ತದೆ. ಮೊದಲ ದಿನ ಚೆನ್ನಾಗಿದ್ದು ಆಮೇಲೆ ಕೈಕೊಡುವುದು ಹೀಗೆ.

ಮಾತು: ಒದ್ದೆ ಬಟ್ಟೆ ಅಥವಾ ಐಸ್ ಇಟ್ಟರೆ ಕಾರ್ಡ್ ತಂಪಾಗುತ್ತದೆ.
ವಾಸ್ತವ: ಗಡಿಗೆಯ ಉಪಾಯ ಕುಡಿಯುವ ನೀರಿಗೆ ಸರಿ. ಕರೆಂಟ್ ಹರಿಯುವ ಜಾಗದಲ್ಲಿ ಒಂದು ಹನಿ ಬಿದ್ದರೂ ಕಾರ್ಡ್ ಹೋಗುತ್ತದೆ, ನಿಮಗೆ ಶಾಕ್ ಹೊಡೆಯುವ ಅಪಾಯವೂ ಇದೆ. ಬೇಡವೇ ಬೇಡ.

ಸದ್ದು ಕಡಿಮೆ ಆಗಬೇಕು, ಕಾರ್ಡೂ ಉಳಿಯಬೇಕು: ಏನು ಮಾಡಬಹುದು?

ಮೊದಲು ಉಷ್ಣಾಂಶ ನೋಡಿ. ಈಗಿನ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಆಯ್ಕೆ ಮಾಡಿದರೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಅದರ ಡಿಗ್ರಿ ಕಾಣುತ್ತದೆ. ಕೆಲಸ ಕೊಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ನಿಮ್ಮ ಊರಿನ ಪರೀಕ್ಷೆ ನಡೆಯಬೇಕಾದದ್ದು ಮೇ ಮಧ್ಯಾಹ್ನದಲ್ಲಿ, ಡಿಸೆಂಬರ್ ಬೆಳಿಗ್ಗೆ ಅಲ್ಲ.

ಹೊಸ ಕಾರ್ಡ್ ಕೊಳ್ಳುವುದಾದರೆ ವ್ಯಾಟ್ ಕೇಳಿ. ಪತ್ರ ಟೈಪ್ ಮಾಡುವ, ಅರ್ಜಿ ತುಂಬುವ, ವಿಡಿಯೋ ನೋಡುವ ಕಂಪ್ಯೂಟರಿಗೆ ಪ್ರತ್ಯೇಕ ಕಾರ್ಡೇ ಬೇಡದಿರಬಹುದು, ಈಗಿನ ಹಲವು ಪ್ರೊಸೆಸರ್‌ಗಳಲ್ಲೇ ಗ್ರಾಫಿಕ್ಸ್ ಇರುತ್ತದೆ. ಬೇಕೇ ಬೇಕೆಂದರೆ 20ರಿಂದ 30 ವ್ಯಾಟ್‌ನ ಫ್ಯಾನ್ ರಹಿತ ಕಾರ್ಡ್ ಸಾಕು. ಅಂಗಡಿಯಲ್ಲಿ ಗುರುತಿಸಲು ಒಂದು ಸುಳಿವು: ಮದರ್‌ಬೋರ್ಡಿನ ಸ್ಲಾಟ್ ಒಂದೇ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಪವರ್ ಸಪ್ಲೈಯಿಂದ ಬೇರೆ ವೈರ್ ಕೇಳುವ ಕಾರ್ಡ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನದು.

ಮದುವೆ ವಿಡಿಯೋದಂಥ ಭಾರಿ ಕೆಲಸಕ್ಕೆ ಫ್ಯಾನ್ ಇರುವ ಕಾರ್ಡನ್ನೇ ಇಟ್ಟುಕೊಳ್ಳಿ, ಆದರೆ ನಿಧಾನ ತಿರುಗುವಂತೆ ಮಾಡಿ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಕಿವಿಗೆ ಅದು ದೊಡ್ಡ ವ್ಯತ್ಯಾಸ. ಹೊಸ ಕಾರ್ಡ್‌ಗಳಲ್ಲಿ ಹಲವು, ಕೆಲಸ ಕಡಿಮೆ ಇದ್ದಾಗ ಫ್ಯಾನನ್ನು ತಾವೇ ಪೂರ್ತಿ ನಿಲ್ಲಿಸುತ್ತವೆ.

ಫ್ಯಾನ್ ಇಲ್ಲದ ಕಾರ್ಡ್ ಇದ್ದರೆ ಕ್ಯಾಬಿನೆಟ್‌ನಲ್ಲಿ ಒಂದು ದೊಡ್ಡ, ನಿಧಾನದ ಫ್ಯಾನ್ ಇರಲಿ. 120 ಮಿಲಿಮೀಟರ್‌ನ ಫ್ಯಾನ್ ಮೆಲ್ಲಗೆ ತಿರುಗಿದರೂ ನಿಂತ ಗಾಳಿ ಓಡುವ ಗಾಳಿಯಾಗುತ್ತದೆ. ಸಣ್ಣ ಫ್ಯಾನಿನ ಕಿರುಚಾಟ ಇರುವುದಿಲ್ಲ.

ರೆಕ್ಕೆಗಳ ಸಂದು ನೆಟ್ಟಗೆ ಮೇಲ್ಮುಖವಾಗಿದ್ದರೆ ಬಿಸಿ ಗಾಳಿ ಸಲೀಸಾಗಿ ಏರುತ್ತದೆ. ನಿಮ್ಮ ಕಾರ್ಡಿನ ಸಂದು ಯಾವ ಕಡೆಗಿದೆ ನೋಡಿ, ಸಾಧ್ಯವಿದ್ದರೆ ಅದಕ್ಕೆ ತಕ್ಕಂತೆ ಕ್ಯಾಬಿನೆಟ್ ಮಲಗಿಸಿ ಇಡಬಹುದು. ಗೋಡೆಗೆ ಒತ್ತಿ, ಮೇಜಿನ ಮರದ ಗೂಡಿನೊಳಗೆ ತುರುಕಿ ಇಡಬೇಡಿ. ಮೇಲೆ ಬಟ್ಟೆ ಹೊದಿಸುವುದಾದರೆ ಆಫ್ ಮಾಡಿದ ಮೇಲೆ ಮಾತ್ರ.

ದೂಳು ತೆಗೆಯಿರಿ. ಫ್ಯಾನ್ ಇಲ್ಲದ ಕಾರ್ಡ್ ದೂಳನ್ನು ಎಳೆದುಕೊಳ್ಳುವುದು ಕಡಿಮೆ, ತಿರುಗುವ ಭಾಗ ಇಲ್ಲದ್ದರಿಂದ ಸವೆಯುವುದೂ ಇಲ್ಲ. ಇದು ಅದರ ನಿಜವಾದ ಲಾಭ. ಆದರೂ ಹತ್ತಿ ಗಿರಣಿ, ಅಕ್ಕಿ ಗಿರಣಿ ಇರುವ ಸೀಮೆಯಲ್ಲಿ ನವಿರು ಎಳೆ, ತೌಡಿನ ಪುಡಿ ರೆಕ್ಕೆಗಳ ಮೇಲೆ ಕೂತು ಹೊದಿಕೆಯಾಗುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬ್ರಷ್ ಅಥವಾ ಬ್ಲೋವರ್‌ನಿಂದ ಸ್ವಚ್ಛ ಮಾಡಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ದೊಡ್ಡ ಎಕ್ಸ್‌ಪೋರ್ಟ್‌ಗಳನ್ನು ನಸುಕಿನಲ್ಲಿ ಹಚ್ಚಿ. ಬೇಸಿಗೆಯಲ್ಲಿ ನಸುಕಿನ ಗಾಳಿ ಮಧ್ಯಾಹ್ನಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪಿರುತ್ತದೆ. ಆ ಹತ್ತು ಡಿಗ್ರಿ ಚಿಪ್‌ಗೂ ಹಾಗೇ ಸಿಗುತ್ತದೆ, ಖರ್ಚಿಲ್ಲದೆ. ಏರ್ ಕೂಲರ್ ಕೂಡ ಒಣ ಸೆಕೆಯಲ್ಲಿ ಕೋಣೆಯನ್ನು ಚೆನ್ನಾಗಿ ತಂಪು ಮಾಡುತ್ತದೆ, ಆದರೆ ಅದರ ಗಾಳಿ ನೇರ ಕಂಪ್ಯೂಟರಿಗೆ ಬಡಿಯುವಂತೆ ಇಡಬೇಡಿ, ನೀರಿನ ಹನಿ ಸಿಡಿಯಬಹುದು.

ಫೋನಿಗೂ ಇದೇ ನಿಯಮ

ಫೋನ್ ಬಿಸಿಯಾದಾಗ "ಕೂಲರ್ ಆ್ಯಪ್" ಹಾಕಿ ಎನ್ನುವವರಿದ್ದಾರೆ. ಆ್ಯಪ್ ಗಾಳಿ ಬೀಸುವುದಿಲ್ಲ. ಹೆಚ್ಚೆಂದರೆ ಬೇರೆ ಆ್ಯಪ್‌ಗಳನ್ನು ಮುಚ್ಚುತ್ತದೆ, ಅದನ್ನು ನೀವೇ ಮಾಡಬಹುದು. ಫ್ರಿಜ್‌ನಲ್ಲಿ ಇಡುವುದಂತೂ ಬೇಡ. ತಣ್ಣಗಾದ ಫೋನನ್ನು ಬಿಸಿ ಗಾಳಿಗೆ ತಂದಾಗ ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ ಅದರ ಒಳಗೂ ಕಟ್ಟಬಹುದು.

ಐಫೋನನ್ನು 0ಯಿಂದ 35 ಡಿಗ್ರಿಯ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಕಂಪನಿ ಹೇಳುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಯ ಬೇಸಿಗೆ ಆ ಗೆರೆಯನ್ನು ದಾಟಿದ್ದು. ಆದ್ದರಿಂದ ಫೋನ್ ಕಾಯ್ದಾಗ ನೆರಳಿಗೆ ತನ್ನಿ, ದಪ್ಪ ಕವರ್ ಬಿಚ್ಚಿ, ಚಾರ್ಜಿಂಗ್ ನಿಲ್ಲಿಸಿ, ಸೀಲಿಂಗ್ ಫ್ಯಾನ್ ಕೆಳಗೆ ಇಡಿ. ಫ್ಯಾನ್ ಕೋಣೆಯ ಗಾಳಿಯನ್ನು ತಂಪು ಮಾಡುವುದಿಲ್ಲ, ಆದರೆ ಗಾಳಿಗಿಂತ ಬಿಸಿಯಾದ ವಸ್ತುವಿನ ಶಾಖವನ್ನು ಬೇಗ ಒಯ್ಯುತ್ತದೆ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬೇಡಿ.

ಕೊನೆಗೆ

ಫ್ಯಾನ್ ಕಿತ್ತರೆ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ ಎಂಬ ಮಾತು ಸುಳ್ಳು. ಫ್ಯಾನ್ ಇಲ್ಲದೆ ಓಡಲೆಂದೇ ಮಾಡಿದ, ಕಡಿಮೆ ವ್ಯಾಟ್‌ನ ಕಾರ್ಡ್ ಸದ್ದಿಲ್ಲದೆ ಕೆಲಸ ಮಾಡುತ್ತದೆ ಎಂಬುದು ನಿಜ, ಗಾಳಿಗೆ ದಾರಿ ಬಿಟ್ಟರೆ. ತಂಪು ದೇಶದ ಕೋಣೆಯಲ್ಲಿ ಮಾಡಿದ ವಿಡಿಯೋ ನೋಡಿ ನಮ್ಮ ಬಿಸಿಲಿನಲ್ಲಿ ಅದೇ ಪ್ರಯೋಗ ಮಾಡುವ ಮೊದಲು ಎರಡು ಕಡೆಯ ಗಾಳಿಯ ನಡುವೆ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಎಂದು ಕೇಳಿಕೊಳ್ಳಿ. ಆ ವ್ಯತ್ಯಾಸ ಅಷ್ಟೂ ನಿಮ್ಮ ಚಿಪ್‌ನ ಮೇಲೆ ಬರುತ್ತದೆ.

ಫ್ಯಾನ್ ಕಿತ್ತೆಸೆಯುವ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಅಲ್ಲಿ ಸ್ಟುಡಿಯೋ ಅಥವಾ ಕಂಪ್ಯೂಟರ್ ಅಂಗಡಿ ನಡೆಸುವವರು ಇದ್ದರೆ, ಈ ಲೆಕ್ಕವನ್ನೂ ಅವರಿಗೆ ಕಳಿಸಿ.